ಕಕ್ಕಡದ ಮಳೆ, ಕಾಚಂಪುಳಿಯ ಎರಡು ಹನಿ

ಮಳೆ ಮೂರು ದಿನದಿಂದ ಬಿಟ್ಟಿಲ್ಲ. ನಾಪೋಕ್ಲು ದಾಟುವಾಗ ಕಾವೇರಿ ಗದ್ದೆಗಳ ಮಟ್ಟಕ್ಕೆ ಏರಿ, ಕೆಂಪಗೆ ಹರಡಿಕೊಂಡು, ಎಲ್ಲಿ ಹೊಳೆ ಎಲ್ಲಿ ಗದ್ದೆ ಎಂದು ತಿಳಿಯದ ಹಾಗೆ ಮಾಡಿದ್ದಳು. ಕಕ್ಕಬ್ಬೆಯಿಂದ ಮೇಲಕ್ಕೆ ಹತ್ತುವ ದಾರಿಯಲ್ಲಿ ಜೀಪಿನ ಗಾಜಿಗೆ ಒಳಗಿನಿಂದ ಮಂಜು, ಹೊರಗಿನಿಂದ ನೀರು. ಕೊಡಗಿನಲ್ಲೇ ಎತ್ತರದ ಬೆಟ್ಟ ತಡಿಯಂಡಮೋಳು, 1748 ಮೀಟರ್, ಎದುರಿಗೇ ನಿಂತಿರುತ್ತದೆ. ಇವತ್ತು ಅದರ ಜಾಗದಲ್ಲಿ ಬರೀ ಬಿಳಿ. ರಸ್ತೆಯ ಎರಡೂ ಬದಿ ಕಾಫಿ ಗಿಡಗಳು ತಲೆ ತಗ್ಗಿಸಿ ನಿಂತಿವೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳ ಕಾಂಡದ ಮೇಲೆ ನೀರು ಬಳ್ಳಿಯ ಜೊತೆಗೇ ಇಳಿಯುತ್ತಿದೆ. ಕಕ್ಕಡ ತಿಂಗಳು ಹುಟ್ಟಿ ಎರಡು ವಾರ. ಮದುವೆ ಮುಂಜಿ ಯಾವುದೂ ಇಲ್ಲದ, ನಾಟಿಯ ಕೆಲಸವೊಂದೇ ಇರುವ ಈ ತಿಂಗಳಲ್ಲಿ ಊರಿಗೆ ಊರೇ ಗದ್ದೆಗೆ ಇಳಿದು, ಸಂಜೆಯಾಗುತ್ತಲೇ ಒಲೆಯ ಮುಂದೆ ಸೇರಿಕೊಳ್ಳುತ್ತದೆ.

ಮಾವ ಜಗಲಿಯ ಐಮರದ ಹಲಗೆಯ ಮೇಲೆ ಕೂತು, ಮೊಣಕಾಲಿನವರೆಗೆ ಹತ್ತಿದ್ದ ಕೆಸರನ್ನು ಬಿಸಿನೀರಲ್ಲಿ ತೊಳೆಯುತ್ತಿದ್ದರು. ರಕ್ತಸಂಬಂಧ ಏನೂ ಇಲ್ಲ. ಅಮ್ಮ ಬೆಳೆದ ಮನೆಯ ಬೇಲಿಯಾಚೆಯವರು. ಆದರೆ ನನಗೆ ಮಾತು ಬಂದಾಗಿನಿಂದ ಅವರು ಮಾವ, ಅವರ ಹೆಂಡತಿ ಅತ್ತೆ. "ಬಾ ಅಳಿಯ, ಮೊದಲು ಕಾಲು ಬೆಚ್ಚಗೆ ಮಾಡ್ಕೋ. ಕರೆಂಟು ಮಧ್ಯಾಹ್ನವೇ ಹೋಯ್ತು. ನಿಮ್ಮತ್ತೆ ಐಸ್ ಕರಗ್ತದೆ ಅಂತ ಆಗಲಿಂದ ನಿನ್ನ ದಾರಿ ಕಾಯ್ತಾ ಇದ್ದಾಳೆ."

ಅಡುಗೆಮನೆಯ ಬಾಗಿಲು ತಗ್ಗು. ತಲೆ ಬಾಗಿಸಿ ಒಳಗೆ ಹೋದರೆ ಮೊದಲು ಎದುರಾಗುವುದು ವಾಸನೆ. ಒದ್ದೆ ಸೌದೆಯ ಹೊಗೆ, ಅದರ ಕೆಳಗೆ ಹುರಿದ ಜೀರಿಗೆ ಮತ್ತು ಕರಿಮೆಣಸು, ಇನ್ನೂ ಕೆಳಗೆ ಉಪ್ಪು ನೀರಲ್ಲಿ ನೆನೆದ ಕಣಿಲೆಯ ಹುಳಿ ಘಾಟು. ಅದೇ ಕಣಿಲೆಯ ಬೈಂಬಳೆ ಕರಿ ಆಗಲೇ ಬೆಂದು ಒಲೆಯ ಬದಿಗೆ ಸರಿದಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕಪ್ಪಾದ ಹಂದಿಮಾಂಸದ ಪಟ್ಟಿಗಳು, ಪಕ್ಕದಲ್ಲಿ ದಾರಕ್ಕೆ ಪೋಣಿಸಿದ ಯಾವುದೋ ಸಿಪ್ಪೆಗಳು. ಮೂಲೆಯಲ್ಲಿ ಬಿದಿರಿನ ಕುಕ್ಕೆಯೊಂದು ಮಡಕೆಯ ಬಾಯಿಗೆ ಕೂತು, ಅದರಿಂದ ಹನಿ ಹನಿಯಾಗಿ ಏನೋ ಇಳಿಯುತ್ತಿತ್ತು. ಹೊರಗಿನ ಮಳೆಯ ಒಂದೇ ಸಮನೆಯ ಸದ್ದಿನ ನಡುವೆ ಈ 'ಟಪ್' ಮಾತ್ರ ತನ್ನದೇ ಲೆಕ್ಕದಲ್ಲಿ, ನಾವು ಉಸಿರು ಬಿಡುವುದಕ್ಕಿಂತ ನಿಧಾನವಾಗಿ ಬೀಳುತ್ತಿತ್ತು.

ಅತ್ತೆ ಮೇಜಿನ ಮೇಲೆ ಒಂದು ದೀಪ ಇಟ್ಟು, ಅದರ ಸುತ್ತ ಸಾಮಾನುಗಳನ್ನು ಜೋಡಿಸಿದ್ದರು. ನಾಲ್ಕು ನಿಂಬೆಹಣ್ಣು. ಸಿಪ್ಪೆ ಇನ್ನೂ ಹಸಿರಿರುವ, ಮಳೆಗಾಲದ ಕಿತ್ತಳೆ ಎರಡು. ಒಂದು ಬಟ್ಟಲು ಜೇನು. ಮಣ್ಣು ಬಣ್ಣದ ನಾಟಿ ಕೋಳಿ ಮೊಟ್ಟೆ. ಸಕ್ಕರೆ ಪಾಕದ ಲೋಟ. ಕೆಮ್ಮಿನ ಔಷಧಿಯ ಜೊತೆ ಬರುವ, 10 ಎಂಎಲ್ ಗೆರೆ ಇರುವ ಪುಟ್ಟ ಪ್ಲಾಸ್ಟಿಕ್ ಮುಚ್ಚಳ. ತಿರುಗಿಸುವ ಮುಚ್ಚಳದ, ಅಗಲ ಬಾಯಿಯ ಜಾಮ್ ಬಾಟಲಿ, ತೊಳೆದು ಒರೆಸಿ ಫಳಫಳ ಮಾಡಿದ್ದು. ಇವೆಲ್ಲದರ ಹಿಂದೆ, ಹಿರಿಯರ ಹಾಗೆ ಸ್ವಲ್ಪ ದೂರದಲ್ಲಿ, ಸೇನೆಯ ಕ್ಯಾಂಟೀನಿನಿಂದ ಬಂದ ಮಾವನ ವಿಸ್ಕಿ.

ಈ ಜಿಲ್ಲೆಯ ಮನೆಗಳಲ್ಲಿ ವಿಸ್ಕಿ ಬಾಟಲಿ ಕದ್ದು ಮುಚ್ಚಿಡುವ ವಸ್ತುವಲ್ಲ. ತೋಟದ ದೊರೆಗಳ ಬಂಗಲೆಯಿಂದ ಒಂದು ದಾರಿ, ಸೇನೆಯ ಮೆಸ್ಸಿನಿಂದ ಇನ್ನೊಂದು ದಾರಿ, ಹೀಗೆ ಎರಡು ಕಡೆಯಿಂದ ಅದು ಇಲ್ಲಿಗೆ ನಡೆದು ಬಂದಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ, ಜನರಲ್ ತಿಮ್ಮಯ್ಯನವರ ನಾಡು ಇದು; ಮನೆಗೊಬ್ಬ ನಿವೃತ್ತ ಸೈನಿಕ, ಅವನ ಪಾಲಿಗೆ ತಿಂಗಳ ಕೋಟಾ. ಅದಕ್ಕಿಂತ ಹಳೆಯದು ಕಾರಣರಿಗೆ ಎಡೆ ಇಡುವ ಪದ್ಧತಿ. ಹಬ್ಬದ ದಿನ ಬಾಳೆಲೆಯ ಮೇಲೆ ಅನ್ನ, ಮಾಂಸದ ಜೊತೆಗೆ ಮದ್ಯವನ್ನೂ ಇಟ್ಟು ಹಿರಿಯರನ್ನು ನೆನೆಯದೆ ಕೊಡವ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಹೆಂಗಸರು ಹಬ್ಬದಲ್ಲಿ ಗಂಡಸರ ಜೊತೆ ಕೂತು ಒಂದು ಲೋಟ ಹಿಡಿದರೆ ಯಾರ ಹುಬ್ಬೂ ಏರುವುದಿಲ್ಲ. ನಾನು ಘಟ್ಟದ ಕೆಳಗಿನ ಊರುಗಳಲ್ಲಿ ಕುಡಿತ ಮನೆ ಮುರಿದದ್ದನ್ನು ಹತ್ತಿರದಿಂದ ನೋಡಿದವನು. ಇಲ್ಲಿಯೂ ಹಾಗೆ ಮುರಿದ ಮನೆಗಳಿವೆ. ಆದ್ದರಿಂದಲೇ ಅತ್ತೆಯ ಮೇಜಿನ ಶಿಸ್ತು ನನಗೆ ಇಷ್ಟ. ಅಳೆದು ಹಾಕುವುದು, ಊಟದ ಜೊತೆ, ಮನೆಯವರ ಎದುರಿಗೆ, ಒಂದು, ಹೆಚ್ಚೆಂದರೆ ಎರಡು.

ಮಾವ ಮೂವತ್ತು ವರ್ಷ ವಿಸ್ಕಿಗೆ ನೀರು ಬಿಟ್ಟು ಬೇರೆ ಏನನ್ನೂ ಸೇರಿಸಿದವರಲ್ಲ. ಈ ಬೆರಕೆಯ ವಿದ್ಯೆ ಮನೆಗೆ ತಂದವಳು ಮಗಳು. ಅವಳು ರಜೆಗೆ ಬಂದಾಗ ಒಂದು ಸಂಜೆ 'ವಿಸ್ಕಿ ಸವರ್' ಮಾಡಿ ಕೊಟ್ಟಳಂತೆ: ವಿಸ್ಕಿ, ನಿಂಬೆರಸ, ಸಕ್ಕರೆ, ಮೊಟ್ಟೆಯ ಬಿಳಿ. ಅತ್ತೆ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, "ಇದು ನಮ್ಮ ಪಜ್ಜಿಯ ಲೆಕ್ಕವೇ ಅಲ್ವಾ" ಅಂದರಂತೆ. ಪಜ್ಜಿ ಎಂದರೆ ಇಲ್ಲಿಯ ಚಟ್ನಿ: ಹುಳಿ, ಸಿಹಿ, ಒಂದಿಷ್ಟು ಕಹಿ, ಒಂದಿಷ್ಟು ಖಾರ. ಯಾವುದೂ ಇನ್ನೊಂದರ ತಲೆಯ ಮೇಲೆ ಕೂರಬಾರದು. ಆ ಲೆಕ್ಕ ಅವರ ಕೈಗೆ ಐವತ್ತು ವರ್ಷದಿಂದ ಗೊತ್ತು. ಮಗಳು ಹೊರಟುಹೋದಳು, ವಿದ್ಯೆ ಇಲ್ಲೇ ಉಳಿಯಿತು.

"ಆರು, ಎರಡು, ಎರಡು. ಮರೆಯಬೇಡ" ಎಂದರು ಅತ್ತೆ. ಮುಚ್ಚಳದಲ್ಲಿ ಆರು ಸಲ ವಿಸ್ಕಿ, ಎರಡು ಸಲ ನಿಂಬೆರಸ, ಎರಡು ಸಲ ಪಾಕ. ಅಂದರೆ 60, 20, 20 ಎಂಎಲ್. ಲೋಕದ ಬಾರುಗಳಲ್ಲೆಲ್ಲ ಹೆಚ್ಚು ಕಡಿಮೆ ಇದೇ ಅಳತೆ. ಬಾಯಿಪಾಠಕ್ಕೆ ಇದಕ್ಕಿಂತ ಸುಲಭದ ದಾರಿ ನಾನು ಕೇಳಿಲ್ಲ. ಪಾಕ ಎಂದರೆ ಒಲೆಯ ಮೇಲೆ ಎಳೆ ಬರಿಸಿದ್ದಲ್ಲ. ಸಕ್ಕರೆಯಷ್ಟೇ ಬಿಸಿನೀರು ಹಾಕಿ ಕರಗಿಸಿ ಆರಿಸಿದ್ದು. ಸಕ್ಕರೆಯನ್ನು ಹಾಗೇ ಸುರಿದರೆ ತಣ್ಣನೆಯ ವಿಸ್ಕಿಯಲ್ಲಿ ಕರಗದೆ ತಳದಲ್ಲಿ ಮರಳಿನಂತೆ ಕೂರುತ್ತದೆ. ನಿಂಬೆಯನ್ನು ಅವರು ಮೇಜಿನ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿದರು, ಕುಯ್ದರು, ಬೀಜಕ್ಕೆ ಅಡ್ಡವಾಗಿ ಬೆರಳುಗಳನ್ನು ಇಟ್ಟು ಹಿಂಡಿದರು. ಹಿಂಡಿದ ಕೂಡಲೇ ಬಳಸಬೇಕು. ಬೆಳಿಗ್ಗೆ ಹಿಂಡಿಟ್ಟ ರಸ ಸಂಜೆಗೆ ಮಂಕಾಗಿರುತ್ತದೆ. ನಾಲಿಗೆಗೆ ಹುಳಿ ತಾಗುತ್ತದೆ, ಮೂಗಿಗೆ ಏನೂ ತಾಗುವುದಿಲ್ಲ.

ಮದ್ಯಕ್ಕೆ ನಿಂಬೆ ಹಿಂಡುವ ಈ ಅಭ್ಯಾಸ ಅಮೆರಿಕದ ಬಾರುಗಳಲ್ಲಿ ಹುಟ್ಟಿದ್ದೆಂದು ನಾವು ತಿಳಿಯುತ್ತೇವೆ. 1862ರಲ್ಲಿ ಜೆರ್ರಿ ಥಾಮಸ್ ಎಂಬ ಹೆಸರಾಂತ ಬಾರ್‌ಟೆಂಡರ್ ಅಚ್ಚು ಹಾಕಿಸಿದ ಪುಸ್ತಕದಲ್ಲಿ 'ಸವರ್' ಬಗೆಯ ಪಾನೀಯಗಳ ವಿಧಾನ ಇದೆ, ನಿಜ. ಆದರೆ ಅದರ ಅಜ್ಜ 'ಪಂಚ್'. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ ಎಂಬ ಐದನ್ನು ಕೂಡಿಸಿದ ಪಾನೀಯ. ನಮ್ಮ 'ಪಂಚ'ದಿಂದಲೇ ಆ ಹೆಸರು ಬಂತೆಂದು ಹೇಳುವವರಿದ್ದಾರೆ. ಆ ಮಾತು ಬರಹದಲ್ಲಿ ಮೊದಲು ಕಾಣಿಸುವುದು 1632ರಲ್ಲಿ, ಭಾರತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನೌಕರರ ನಡುವಿನ ಒಂದು ಪತ್ರದಲ್ಲಿ. ಅವರ ಕೈಗೆ ಸಿಕ್ಕಿದ್ದು ನಮ್ಮ ಸಾರಾಯಿ, ನಮ್ಮ ನಿಂಬೆ, ನಮ್ಮ ಬೆಲ್ಲ ಸಕ್ಕರೆ. ಹಡಗು ಹತ್ತಿ ಹೋದದ್ದು ಹೆಚ್ಚು ಕಡಿಮೆ ನಾನೂರು ವರ್ಷ ಲೋಕ ಸುತ್ತಿ, ಬೇರೆ ಲೋಟದಲ್ಲಿ ಕಕ್ಕಬ್ಬೆಯ ಈ ಮೇಜಿಗೆ ಬಂದಿದೆ ಎಂದರೆ ಅತ್ತೆಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. "ನಿಂಬೆ ಇರುವ ಕಡೆ ಇದು ಹೊಳೆಯದೆ ಇರ್ತದಾ" ಎಂದರು.

ಮೊಟ್ಟೆಯ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಇವತ್ತೇ ಇಟ್ಟದ್ದಾಗಬೇಕು, ಚಿಪ್ಪು ಬಿರಿದಿರಬಾರದು, ಒಡೆಯುವ ಮೊದಲು ತೊಳೆಯಬೇಕು. ಬಸುರಿಯರಿಗೆ, ಕಾಯಿಲೆಯವರಿಗೆ ಹಸಿ ಮೊಟ್ಟೆ ಹಾಕಿದ್ದು ಕೊಡುವ ಮಾತೇ ಇಲ್ಲ. ಚಿಪ್ಪಿನ ಎರಡು ಹೋಳುಗಳ ನಡುವೆ ಹಳದಿಯನ್ನು ಅತ್ತಿಂದಿತ್ತ ದಾಟಿಸಿ, ಬಿಳಿಯನ್ನಷ್ಟೇ ಬಾಟಲಿಗೆ ಇಳಿಬಿಟ್ಟರು. ಹಳದಿ ಸ್ಟೀಲ್ ಬಟ್ಟಲಿಗೆ. ಆಮೇಲೆ ಮುಚ್ಚಳ ಬಿಗಿದು, ಐಸ್ ಹಾಕದೆಯೇ, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಮಜ್ಜಿಗೆ ಕಡೆಯುವವರ ಭುಜ ಅವರದು. ಮಣಿಕಟ್ಟು ಗಟ್ಟಿ ನಿಂತು, ಮೊಣಕೈಯಿಂದ ಬರುವ ಕುಲುಕು. ಮೊದಲಿಗೆ ಬಾಟಲಿಯೊಳಗೆ ನೀರಿನ ತಟಪಟ, ಸ್ವಲ್ಪ ಹೊತ್ತಿಗೆ ಸದ್ದು ದಪ್ಪವಾಯಿತು, ಕೊನೆಗೆ ಸದ್ದೇ ಅಡಗಿ ಉಣ್ಣೆ ತುಂಬಿದ ಹಾಗಾಯಿತು. ಮೊಟ್ಟೆಯ ಬಿಳಿಯಲ್ಲಿ ಮುದುರಿಕೊಂಡಿರುವ ಪ್ರೋಟೀನು ಕುಲುಕಿದಷ್ಟೂ ಬಿಚ್ಚಿಕೊಂಡು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತಣ್ಣಗಿದ್ದಾಗ ಅಷ್ಟು ಬೇಗ ಬಿಚ್ಚಿಕೊಳ್ಳುವುದಿಲ್ಲ, ಅದಕ್ಕೇ ಮೊದಲ ಸುತ್ತು ಐಸ್ ಇಲ್ಲದೆ.

"ಈಗ ಐಸ್. ಬೇಗ." ಮಾವ ಫ್ರಿಜ್ಜಿನಿಂದ ಸ್ಟೀಲ್ ಡಬ್ಬಿಯಲ್ಲಿ ಗಟ್ಟಿಯಾಗಿದ್ದ ಒಂದೇ ದೊಡ್ಡ ಗಡ್ಡೆಯನ್ನು ತಂದರು. ಅಂಚು ಆಗಲೇ ಕರಗಿ ಡಬ್ಬಿಯಿಂದ ಸಡಿಲವಾಗಿತ್ತು. ಟವೆಲಿನಲ್ಲಿ ಸುತ್ತಿ ಕುಟ್ಟಾಣಿಯ ಗುಂಡಿನಿಂದ ಎರಡೇಟು. ತುಂಡುಗಳು ಬಾಟಲಿಗೆ ಬಿದ್ದವು, ಮತ್ತೆ ಕುಲುಕು, ಈ ಸಲ ಹದಿನೈದು ಎಣಿಸುವಷ್ಟು. ಬಾಟಲಿಯ ಹೊರಮೈ ಮಂಜುಗಟ್ಟಿ ಅತ್ತೆಯ ಬೆರಳ ಗುರುತು ಮೂಡಿತು. ಈ ಕುಲುಕಾಟದಲ್ಲಿ ಒಟ್ಟಿನ ಕಾಲು ಭಾಗದಷ್ಟು ನೀರು ಸೇರುತ್ತದೆ. ಆ ನೀರೂ ಅಳತೆಯೊಳಗಿನದೇ. ಐಸ್ ಕಡಿಮೆ ಹಾಕಿದರೆ ನೀರು ಕಡಿಮೆ ಆಗುತ್ತದೆಂದು ಅಂದುಕೊಳ್ಳುವವರು ತುಂಬ ಜನ. ಆಗುವುದು ತಿರುಗುಮುರುಗು: ಎರಡೇ ತುಂಡು ಹಾಕಿದರೆ ಅವು ಪೂರ್ತಿ ಕರಗಿಹೋಗಿ, ಪಾನೀಯ ತಣಿಯುವುದೂ ಇಲ್ಲ, ನೀರುನೀರೂ ಆಗುತ್ತದೆ.

ಚಹಾ ಸೋಸುವ ಜಾಲರಿಯಿಂದ ಸೋಸಿ ಲೋಟಕ್ಕೆ ಬಿಟ್ಟಾಗ ಕೆಳಗೆ ತೆಳು ಹೊನ್ನಿನ ಬಣ್ಣ, ಮೇಲೆ ಒಂದು ಬೆರಳು ದಪ್ಪದ ಬಿಳಿ ನೊರೆ. ದೀಪಕ್ಕೆ ಹಿಡಿದರೆ ನೊರೆಯ ಅಂಚು ನಿಧಾನವಾಗಿ ಮೇಲೇರುತ್ತಿರುವುದು ಕಾಣುತ್ತಿತ್ತು. ಮಾವ ಬೆರಳು ಅದ್ದಿ ಎರಡು ಹನಿ ನೆಲಕ್ಕೆ ಚಿಮುಕಿಸಿ, ತುಟಿಯಲ್ಲೇ ಏನೋ ಅಂದುಕೊಂಡು, ಲೋಟ ಎತ್ತಿದರು. ಮೊದಲು ನೊರೆಯ ತಂಪು ಮೆತ್ತನೆ, ಹಿಂದೆಯೇ ನಿಂಬೆಯ ಚುರುಕು, ವಿಸ್ಕಿ ಕೊನೆಗೆ ಬಂದು ಗಂಟಲನ್ನು ಬೆಚ್ಚಗೆ ಮಾಡಿ ನಿಂತಿತು. ಹೊರಗಿನ ಮಳೆ ಒಂದು ಕ್ಷಣ ದೂರ ಹೋದಂತಾಯಿತು.

ಮೂಲೆಯ ಮಡಕೆಯಲ್ಲಿ 'ಟಪ್' ಎಂದಿತು.

ಅತ್ತೆ ದೀಪ ಎತ್ತಿಕೊಂಡು ಅಲ್ಲಿಗೆ ಕರೆದರು. ಕುಕ್ಕೆಯಲ್ಲಿ ಪಣಪುಳಿ, ಕನ್ನಡದ ಉಪ್ಪಾಗೆ. ಪುಟ್ಟ ಕುಂಬಳದಂತೆ ಮೈಮೇಲೆ ಏಣುಗಳಿರುವ ಹಣ್ಣು. ಪೂರ್ತಿ ಹಣ್ಣಾಗಿ ಹಳದಿ ತಿರುಗಿ, ಕಾಡಿನಂಚಿನ ಮರದಡಿ ಉದುರಿದ್ದನ್ನು ಇದೇ ಮಳೆಯಲ್ಲಿ ಆರಿಸಿ ತಂದದ್ದು. ಮುಂಗಾರಿನ ತಿಂಗಳುಗಳೇ ಅದರ ಕಾಲ. ಹಣ್ಣು ಕುಕ್ಕೆಯಲ್ಲಿ ಕೂತು ಕೂತು ತಾನೇ ಮೆತ್ತಗಾಗಿ, ಕೊಳೆತು, ರಸ ಬಿಡುತ್ತದೆ. ಹಿಂಡುವಂತಿಲ್ಲ, ಅವಸರ ಮಾಡುವಂತಿಲ್ಲ. ಮಡಕೆಯಲ್ಲಿ ಕೂಡಿದ ತೆಳು ರಸವನ್ನು ಸೌದೆ ಒಲೆಯ ಮೇಲಿಟ್ಟು ಗಂಟೆಗಟ್ಟಲೆ ಕಾಯಿಸಬೇಕು. ಬಣ್ಣ ಮೊದಲು ಕೆಂಪಗಾಗಿ, ಆಮೇಲೆ ಕಂದಾಗಿ, ಕೊನೆಗೆ ಕಾಡಿಗೆಯ ಕಪ್ಪಿಗೆ ತಿರುಗುತ್ತದೆ. ಮಡಕೆ ತುಂಬ ಇದ್ದದ್ದು ಬಾಟಲಿಯ ತಳಕ್ಕೆ ಬರುತ್ತದೆ. ಅದೇ ಕಾಚಂಪುಳಿ. ಪಂದಿ ಕರಿಗೆ ಕಪ್ಪು ಕೊಡುವುದು, ಕೊಬ್ಬಿನ ಜಿಡ್ಡನ್ನು ಕತ್ತರಿಸುವುದು ಇದು. ಗಾಳಿಯಾಡದ ಬಾಟಲಿಯಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಅಟ್ಟದಿಂದ ತೆಗೆದ ಹಳೆಯ ಬಾಟಲಿಯ ಬಿರಟೆ ಬಿಚ್ಚಿದರೆ ಹುಳಿಗಿಂತ ಮೊದಲು ಹೊಗೆಯ ವಾಸನೆ ಬಂತು, ಅದರ ಹಿಂದೆ ಒಣದ್ರಾಕ್ಷಿಯಂಥದ್ದು, ಅದರ ಹಿಂದೆ ಮಳೆಗಾಲದ ಕಾಡಿನ ನೆಲ.

ನಿಂಬೆಗೆ ಬದಲಾಗಿ ಕಾಚಂಪುಳಿ ಎಂಬುದು ಅತ್ತೆಗೇ ಹೊಳೆದದ್ದು. ಮೊದಲ ಸಲ ಮಗಳು ಒಂದು ಚಮಚ ಸುರಿದಳಂತೆ. ನಾಲಿಗೆ ಚುರುಗುಟ್ಟಿ, ಹಲ್ಲು ಜುಮ್ಮೆಂದು, ಲೋಟವನ್ನು ಕಾಫಿ ಗಿಡದ ಬುಡಕ್ಕೆ ಚೆಲ್ಲಬೇಕಾಯಿತು. ನಿಂಬೆಯ ಹುಳಿ ಬೇರೆ, ಇದು ಕಾದು ಇಂಗಿ ಗಟ್ಟಿಯಾದ ಹುಳಿ. ಕಾಲು ಚಮಚವೂ ಬೇಡ, ಹನಿಗಳ ಲೆಕ್ಕ. ಆದರೆ ಬರೀ ಹನಿಗಳಿಂದ ಲೋಟಕ್ಕೆ ಮೈ ಬರುವುದಿಲ್ಲ. ಆ ಮೈಗೆ ಅವರು ಕಂಡುಕೊಂಡದ್ದು ಕಿತ್ತಳೆ.

ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತಿನ ಮನ್ನಣೆ ಇದೆ, ಆದರೆ ತೋಟಗಳಲ್ಲಿ ಮರಗಳೇ ಅಪರೂಪವಾಗಿವೆ. ಮಾವನ ಬಾಲ್ಯದಲ್ಲಿ ಕಾಫಿಯ ನಡುವೆ ಸಾಲುಸಾಲು ಕಿತ್ತಳೆ, ಚಳಿಗಾಲದಲ್ಲಿ ಲಾರಿಗಟ್ಟಲೆ ಹಣ್ಣು. ಎಲೆ ಹಳದಿಯಾಗಿ ಕೊಂಬೆ ಒಣಗುತ್ತ ಬರುವ ಗ್ರೀನಿಂಗ್ ರೋಗ ಮರಗಳನ್ನು ಒಂದೊಂದಾಗಿ ತಿಂದಿತು. ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ರೋಗವಿಲ್ಲದ ಸಸಿಗಳನ್ನು ಮಾಡುತ್ತ ಬಂದಿದ್ದಾರೆ. ಮಾವ ಹಾಕಿದ ಹೊಸ ಸಸಿಗಳು ಈಗ ಎದೆಮಟ್ಟ. ಈ ಎರಡು ಹಣ್ಣು ಹಿತ್ತಿಲಲ್ಲಿ ಉಳಿದ ಹಳೆಯ ಮರದ್ದು. ಚಳಿಗಾಲದ ಹಣ್ಣಿನ ಸಿಹಿ ಮಳೆಗಾಲದ್ದಕ್ಕೆ ಇಲ್ಲ, ಸಿಪ್ಪೆ ಸಡಿಲ, ತೊಳೆಯಲ್ಲಿ ನೀರು ಹೆಚ್ಚು. ಉಗುರು ತಾಗಿದರೆ ಮಾತ್ರ ಇಡೀ ಕೋಣೆ ಕಿತ್ತಳೆಯಾಗುತ್ತದೆ.

ಸಿಹಿಗೆ ಜೇನು. ಕಕ್ಕಬ್ಬೆ, ಭಾಗಮಂಡಲದ ಕಡೆ ಜೇನಿಲ್ಲದ ಮನೆ ಇರಲಿಲ್ಲ ಎನ್ನುತ್ತಾರೆ ಹಿರಿಯರು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನನ್ನು ಬಡಿದಾಗ ಇಲ್ಲಿಯ ಪೆಟ್ಟಿಗೆಗಳೂ ಖಾಲಿಯಾದವು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು, ಪೆಟ್ಟಿಗೆಯ ಬಾಗಿಲಲ್ಲಿ ಅವುಗಳನ್ನು ಹೊರಗೆಳೆದು ಹಾಕುತ್ತಿದ್ದ ನೊಣಗಳನ್ನು ನೋಡಲಾಗುತ್ತಿರಲಿಲ್ಲ ಎಂದು ಹೇಳುವಾಗ ಮಾವ ಲೋಟ ಕೆಳಗಿಟ್ಟರು. ಈಗ ಹಿತ್ತಿಲಲ್ಲಿ ನಾಲ್ಕು ಪೆಟ್ಟಿಗೆ ಮತ್ತೆ ತುಂಬಿವೆ. ಬಟ್ಟಲಿನ ಜೇನು ಕಾಫಿ ಹೂವಿನ ನಂತರ ಇಳಿಸಿದ್ದು. ಅದನ್ನೂ ಹಾಗೇ ಹಾಕುವಂತಿಲ್ಲ. ಐಸ್ ತಾಗಿದರೆ ಕಲ್ಲಾಗಿ ತಳಕ್ಕೆ ಅಂಟುತ್ತದೆ. ಎರಡು ಪಾಲು ಜೇನಿಗೆ ಒಂದು ಪಾಲು ಬೆಚ್ಚನೆಯ ನೀರು ಸೇರಿಸಿ ಸಡಿಲ ಮಾಡಬೇಕು. ಸಕ್ಕರೆಯ ಬದಲು ಜೇನು ಹಾಕಿದ ವಿಸ್ಕಿ ಸವರ್‌ಗೆ ನ್ಯೂಯಾರ್ಕಿನ ಬಾರಿನವರು 'ಗೋಲ್ಡ್ ರಶ್' ಎಂದು ಹೆಸರಿಟ್ಟು ಇಪ್ಪತ್ತು ವರ್ಷ ದಾಟಿದೆ.

ಎರಡನೆಯ ಲೋಟ ಹೀಗೆ ತಯಾರಾಯಿತು: ಆರು ಮುಚ್ಚಳ ವಿಸ್ಕಿ, ಮೂರು ಮುಚ್ಚಳ ಕಿತ್ತಳೆ ರಸ, ಒಂದೂವರೆ ಮುಚ್ಚಳ ಜೇನುನೀರು, ಮೊಟ್ಟೆಯ ಬಿಳಿ, ಕಾಚಂಪುಳಿ. ಕಾಚಂಪುಳಿ ಹಾಕುವಾಗ ಅತ್ತೆ ಮಾತು ನಿಲ್ಲಿಸಿದರು. ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಓರೆ ಮಾಡಿ, ಒಂದೊಂದೇ ಹನಿ ಬಿಟ್ಟರು. ಎರಡು ಹನಿ. ಕುಲುಕಿ, ಚಮಚದ ತುದಿಯಲ್ಲಿ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿದರು. ಮತ್ತೆರಡು ಹನಿ. ಮತ್ತೆ ರುಚಿ. ಕೊನೆಗೆ ಆರಕ್ಕೆ ನಿಂತರು. "ಪ್ರತಿ ವರ್ಷದ ಹುಳಿ ಒಂದೇ ಥರ ಇರೋದಿಲ್ಲ. ಇದು ಮೂರು ವರ್ಷದ್ದು, ಮೆತ್ತಗಾಗಿದೆ. ಈ ವರ್ಷದ್ದಾದರೆ ನಾಲ್ಕೇ ಸಾಕು." ನೊರೆ ಈ ಸಲ ಬಿಳಿ ಬರಲಿಲ್ಲ, ಹಾಲು ಹೆಚ್ಚಾದ ಕಾಫಿಯ ಬಣ್ಣ. ಮೇಲೆ ಕರಿಮೆಣಸನ್ನು ಎರಡು ಬೆರಳಲ್ಲಿ ಪುಡಿಮಾಡಿ ಉದುರಿಸಿದರು. ನಿಂಬೆಯದು ಬಾಯಿಗೆ ಬಿದ್ದ ಕೂಡಲೇ ತನ್ನನ್ನು ತೋರಿಸಿಕೊಂಡಿತ್ತು. ಇದು ಮೊದಲಿಗೆ ಕಿತ್ತಳೆ ಅನ್ನಿಸಿ, ನುಂಗಿದ ಮೇಲೆ ಹೊಗೆಯಾಗಿ, ಒಂದು ನಿಮಿಷ ಕಳೆದರೂ ನಾಲಿಗೆಯ ಬದಿಗಳಲ್ಲಿ ಉಳಿದಿತ್ತು. ನನಗೆ ಮೊದಲಿನದಕ್ಕಿಂತ ಇದೇ ಮೇಲು. ವಿಸ್ಕಿಯಲ್ಲಿರುವ ಮರದ ಪೀಪಾಯಿಯ ಸ್ವಾದಕ್ಕೆ ಈ ಸುಟ್ಟ ಹುಳಿ ಒಡಹುಟ್ಟಿದ ಹಾಗೆ ಹೊಂದುತ್ತದೆ.

ಇದಕ್ಕೆ ದುಬಾರಿ ವಿಸ್ಕಿ ಬೇಕಾಗಿಲ್ಲ. ಅಮೆರಿಕದವರು ಹಾಕುವುದು ಬರ್ಬನ್: ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು ಎಂಬುದು ಅದರ ಕಟ್ಟಳೆ. ನಮ್ಮ ಸಾಮಾನ್ಯ ವಿಸ್ಕಿಗಳಲ್ಲಿ ಹಲವು ಕಬ್ಬಿನ ಕಾಕಂಬಿಯ ಸ್ಪಿರಿಟ್ಟಿಗೆ ಮಾಲ್ಟ್ ಬೆರೆಸಿದವು. ಹುಳಿ ಸಿಹಿಯ ನಡುವೆ ಅವು ಚೆನ್ನಾಗಿಯೇ ನಡೆಯುತ್ತವೆ. ಮಗಳು ತಂದುಕೊಟ್ಟ ಅಮೃತ್ ಸಿಂಗಲ್ ಮಾಲ್ಟ್ ಬಾಟಲಿ ಕಪಾಟಿನಲ್ಲಿದೆ, ಮಾವ ಅದಕ್ಕೆ ಒಂದು ತೊಟ್ಟು ನಿಂಬೆಯನ್ನೂ ಮುಟ್ಟಿಸಗೊಡುವುದಿಲ್ಲ. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರಿ 2004ರಲ್ಲಿ ತನ್ನ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತ್ತು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾದರೆ, ಬೆಂಗಳೂರಿನ ಬಿಸಿಲಿಗೆ ಹತ್ತು ಹನ್ನೆರಡು ಪಾಲು ಹಾರಿಹೋಗುತ್ತದೆ. ಅಷ್ಟೇ ಬೇಗ ಮಾಗುತ್ತದೆ ಕೂಡ. ವಿಸ್ಕಿ ಎಂಬ ಮಾತಿನ ಮೂಲ ಗೇಲಿಕ್ ಭಾಷೆಯ 'ಜೀವಜಲ'. ಅಮೃತ ಎಂದು ಹೆಸರಿಟ್ಟವರು ಆ ಮಾತಿನ ಹತ್ತಿರಕ್ಕೇ ಬಂದಿದ್ದಾರೆ.

ಅತ್ತೆಯ ಭರಣಿಗಳ ಸಾಲು ಮೆಟ್ಟಿಲ ಕೆಳಗೆ. ದ್ರಾಕ್ಷಿ, ಶುಂಠಿ, ಪ್ಯಾಶನ್ ಹಣ್ಣು, ವೀಳ್ಯದೆಲೆ, ನೇರಳೆ. ಮಡಿಕೇರಿಯ ಅಂಗಡಿಗಳಲ್ಲಿ ಪ್ರವಾಸಿಗರು ಕೊಳ್ಳುವ ಮನೆವೈನಿನ ತಾಯಿಬೇರು ಇಂಥ ಮೆಟ್ಟಿಲ ಕೆಳಗೇ ಇರುವುದು. ವಿಸ್ಕಿ ಸವರ್ ಮೇಲೆ ಕೆಂಪು ವೈನನ್ನು ತೇಲಿಸುವ ಒಂದು ಬಗೆಯಿದೆ, 'ನ್ಯೂಯಾರ್ಕ್ ಸವರ್' ಎಂದು. ಅತ್ತೆ ಅದನ್ನೂ ಮಾಡಿ ನೋಡಿದ್ದಾರೆ. ಹೊಸ ದ್ರಾಕ್ಷಿ ವೈನು ನೆಟ್ಟಗೆ ತಳಕ್ಕೆ ಇಳಿದು ಎಲ್ಲ ಕಲಕಿಹೋಯಿತಂತೆ. ಸಕ್ಕರೆ ಇದ್ದಷ್ಟು ಭಾರ. ಸಿಹಿ ವೈನು ತೇಲಲಾರದು. ಸಕ್ಕರೆಯನ್ನೆಲ್ಲ ಈಸ್ಟ್ ತಿಂದು ಮುಗಿಸಿದ, ಒಗರು ಮಾತ್ರ ಉಳಿದ ಎರಡು ವರ್ಷದ ಭರಣಿಯದ್ದನ್ನು ಚಮಚದ ಬೆನ್ನ ಮೇಲಿಂದ ಜಾರಿಸಿದಾಗ ನಿಂತಿತು. ನನ್ನ ಲೋಟದಲ್ಲಿ ಉಳಿದಿದ್ದ ನಿಂಬೆಯದರ ಮೇಲೆಯೇ ಮಾಡಿ ತೋರಿಸಿದರು. ನೊರೆಯ ಕೆಳಗೆ ಒಂದು ಕೆಂಪು ಪಟ್ಟಿ, ಅದರ ಕೆಳಗೆ ಹೊನ್ನು. ಕಾಫಿ ಡಿಕಾಕ್ಷನ್ ಹಾಕುವ ಬಗೆಯೂ ಒಂದಿದೆ, ಅದು ನನಗೆ ಹಿಡಿಸಲಿಲ್ಲ. ನಿಂಬೆಗೂ ಕಾಫಿಗೂ ಜಗಳ.

ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಇನ್ನು ನಾಲ್ಕು ದಿನ. ಆ ದಿನ ಹದಿನೆಂಟು ಔಷಧಿಯ ಗುಣ ಕೂಡಿರುತ್ತದೆಂದು ಮದ್ದು ಸೊಪ್ಪು ಕೊಯ್ದು, ಬೇಯಿಸಿ, ಕಡು ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡುತ್ತಾರೆ. ಬೇಲಿಯ ಬದಿ ಆ ಗಿಡ ಕಂಡು, ಅದರ ಬಣ್ಣದ ಪಾಕವನ್ನು ಈ ಲೋಟಕ್ಕೆ ಹಾಕಿದರೆ ಹೇಗಿರುತ್ತದೆ ಅತ್ತೆ ಎಂದು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. "ಅದು ಮದ್ದು. ಮದ್ದಿನ ಜೊತೆ ಇದನ್ನ ಸೇರಿಸೋದು ಬೇಡ."

ಮಾವನ ಲೋಟ ಖಾಲಿಯಾಗಿತ್ತು. ಅವರಿಗೆ ನೊರೆ, ರಸ ಇವುಗಳ ಮೇಲೆ ಗೌರವವಿದೆ, ಮನಸ್ಸು ಮಾತ್ರ ಇನ್ನೊಂದರ ಮೇಲೆ. ಅತ್ತೆ ಕೇಳದೆಯೇ ಅದಕ್ಕೆ ಕೈ ಹಾಕಿದರು. ಅಟ್ಟದಲ್ಲಿ ದಾರಕ್ಕೆ ಪೋಣಿಸಿದ್ದ ಸಿಪ್ಪೆ ಕೈಪುಳಿಯದು: ಹೆಸರೇ ಹೇಳುವಂತೆ ಕಹಿಯೂ ಹುಳಿಯೂ ಆದ ಕಾಡುಕಿತ್ತಳೆ. ಅದರ ಪಜ್ಜಿ ಈ ಮನೆಗಳ ಹಳೆಯ ರುಚಿ. ಒಣಸಿಪ್ಪೆಯನ್ನು ಏಲಕ್ಕಿ, ಮೆಣಸಿನ ಜೊತೆ ಎರಡು ವಾರ ಮದ್ಯದಲ್ಲಿ ನೆನೆಹಾಕಿ ಸೋಸಿದ ಕಂದು ದ್ರವ ಒಂದು ಹಳೇ ಕಣ್ಣೌಷಧಿ ಬಾಟಲಿಯಷ್ಟು ಗಾತ್ರದ ಸೀಸೆಯಲ್ಲಿತ್ತು. ಬಾರುಗಳಲ್ಲಿ ಇದರ ಜಾಗದಲ್ಲಿ ಅಂಗೋಸ್ತುರಾ ಬಿಟರ್ಸ್ ಇರುತ್ತದೆ. ಅದನ್ನು 1824ರಲ್ಲಿ ವೆನೆಜುವೆಲಾದಲ್ಲಿ ಕಟ್ಟಿದವನು ಬೊಲಿವಾರನ ಸೇನೆಯಲ್ಲಿದ್ದ ಜರ್ಮನ್ ವೈದ್ಯ ಯೋಹಾನ್ ಸೀಗರ್ಟ್, ಸೈನಿಕರ ಹೊಟ್ಟೆನೋವಿಗೆಂದು. ಈ ಕಥೆ ಮಾವನಿಗೆ ಬಹಳ ಇಷ್ಟವಾಯಿತು. ಎರಡು ಸಲ ಹೇಳಿಸಿದರು.

ಲೋಟಕ್ಕೆ ಸೋಸಿದ ಬೆಲ್ಲದ ಪಾಕ ಅರ್ಧ ಮುಚ್ಚಳ. ಕೈಪುಳಿಯ ಸಾರ ನಾಲ್ಕು ಹನಿ. ವಿಸ್ಕಿ ಆರು. ದೊಡ್ಡ ಐಸ್ ತುಂಡು ಒಂದು. ಇದನ್ನು ಕುಲುಕುವುದಿಲ್ಲ, ಹಣ್ಣಿನ ರಸ ಇದ್ದರೆ ಕುಲುಕಬೇಕು, ಇಲ್ಲದಿದ್ದರೆ ಕದಡಿದರೆ ಸಾಕು. ಅತ್ತೆ ಉದ್ದ ಹಿಡಿಯ ಚಮಚದಿಂದ ನಿಧಾನವಾಗಿ ಸುತ್ತಿಸಿದರು, ಐಸ್ ಲೋಟದ ಗೋಡೆಗೆ ತಾಗದ ಹಾಗೆ. 1806ರಲ್ಲಿ ನ್ಯೂಯಾರ್ಕ್ ಸೀಮೆಯ ಒಂದು ಪತ್ರಿಕೆ ಕಾಕ್‌ಟೇಲ್ ಎಂದರೇನೆಂಬ ಓದುಗರ ಪ್ರಶ್ನೆಗೆ ಮದ್ಯ, ಸಕ್ಕರೆ, ನೀರು, ಕಹಿ ಎಂದು ಉತ್ತರಿಸಿತ್ತು. ಮುಂದೆ ಜನ ಹೊಸ ಹೊಸ ಬೆರಕೆಗಳಿಂದ ದಣಿದು 'ಹಳೇ ಥರದ್ದೇ ಕೊಡಿ' ಎನ್ನತೊಡಗಿದಾಗ ಇದಕ್ಕೆ 'ಓಲ್ಡ್ ಫ್ಯಾಶನ್ಡ್' ಎಂದೇ ಹೆಸರಾಯಿತು. ಅತ್ತೆ ಕಿತ್ತಳೆ ಸಿಪ್ಪೆಯ ಒಂದು ಚೂರನ್ನು ದೀಪದ ಜ್ವಾಲೆಯ ಎದುರು ಮಡಿಸಿ ಹಿಂಡಿದರು. ಎಣ್ಣೆಯ ಸಿಂಚನ ಉರಿಗೆ ತಾಗಿ ಕ್ಷಣಮಾತ್ರ ಕಿಡಿಕಿಡಿಯಾಗಿ ಮಿಂಚಿತು. ಮಾವ ಆ ಮಿಂಚು ನೋಡುವುದಕ್ಕೆಂದೇ ಮುಂದಕ್ಕೆ ಬಾಗಿದ್ದರು. ಕೈಲ್‌ಪೊಳ್ದ್ ಹಬ್ಬಕ್ಕೆ ಕಾರಣರ ಎಡೆಗೆ ಮಾತ್ರ ಬೆರಕೆ ಏನೂ ಇಲ್ಲದ್ದೇ ಇಡುವುದು ಎಂದರು. "ಅವರಿಗೆ ಅಭ್ಯಾಸವಾದದ್ದು ಅದು."

ಊಟಕ್ಕೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಪಂದಿ ಕರಿ, ಬೈಂಬಳೆ ಕರಿ. ಲೋಟಗಳು ಬದಿಗೆ ಸರಿದವು. ಬಾಟಲಿಗೆ ಮುಚ್ಚಳ ಬಿತ್ತು, ಕಪಾಟು ಮುಚ್ಚಿತು. ಮಳೆ ಸ್ವಲ್ಪ ಇಳಿದು, ಗದ್ದೆಯ ಕಡೆಯಿಂದ ಕಪ್ಪೆಗಳ ವಟಗುಟ್ಟುವಿಕೆ ಕೇಳತೊಡಗಿತು. ಅತ್ತೆ ಬಟ್ಟಲಲ್ಲಿ ಉಳಿದಿದ್ದ ಎರಡು ಹಳದಿಗಳಿಗೆ ಇನ್ನೊಂದು ಮೊಟ್ಟೆ ಒಡೆದು ಸೇರಿಸಿ, ಈರುಳ್ಳಿ, ಹಸಿಮೆಣಸು, ಕರಿಮೆಣಸು ಹಾಕಿ, ಕಾವಲಿಯ ಮೇಲೆ ಹೊಯ್ದರು. ಅಂಚುಗಳು ಚುರ್ರೆಂದು ಮೇಲೆದ್ದವು. ಮೂಲೆಯಲ್ಲಿ ಕುಕ್ಕೆಯಿಂದ ಇನ್ನೊಂದು ಹನಿ ಇಳಿಯಿತು.